ಜೋ ಲೂಯಿಸ್‌ನ ಗೇಣುದ್ದದ ಗುದ್ದು

ಬಾಕ್ಸಿಂಗ್ ಕಣದಲ್ಲಿ ಮುಹಮ್ಮದ್ ಅಲಿಯ ಸೊಬಗು ಯಾರ ಕಣ್ಣಿಗಾದರೂ ಬೀಳುತ್ತದೆ: ಸೊಂಟದ ಮಟ್ಟಕ್ಕೆ ಇಳಿಬಿಟ್ಟ ಕೈಗಳು, ಬರುವ ಗುದ್ದಿನಿಂದ ಕೂದಲೆಳೆಯಷ್ಟೇ ಹಿಂದೆ ಸರಿಯುವ ಗದ್ದ. ಜೋ ಲೂಯಿಸ್‌ನ ಕುಸುರಿ ಕಾಣಬೇಕಾದರೆ ಪಾದಗಳನ್ನು ನೋಡಬೇಕು. ಅವನು ಕುಣಿಯುವುದಿಲ್ಲ, ನೆಲಕ್ಕೆ ಉಜ್ಜಿದಂತೆ ಅರ್ಧರ್ಧ ಹೆಜ್ಜೆ ಜರುಗಿ ಎದುರಾಳಿಯ ದಾರಿಯನ್ನು ಕಿರಿದು ಮಾಡುತ್ತಾನೆ. ಎಡಗೈಯ ನೇರ ಗುದ್ದಾದ ಜ್ಯಾಬ್ ಬಿದ್ದ ಬೆನ್ನಿಗೇ ಬಲಗೈ, ಅದರ ಹಿಂದೆಯೇ ಎಡಗೈಯ ಬಾಗುಗುದ್ದಾದ ಹುಕ್. ಒಂದೊಂದರ ಓಟವೂ ಗೇಣುದ್ದ, ಆದರೆ ಹಿಮ್ಮಡಿಯಿಂದ ಹೊರಟ ಬಲವೆಲ್ಲ ಅದರೊಳಗೆ. ಆ ಗುದ್ದುಗಳೆದುರು 1938ರಲ್ಲಿ ಎದುರಾಳಿ ಮ್ಯಾಕ್ಸ್ ಶ್ಮೆಲಿಂಗ್ ಮೊದಲ ಸುತ್ತನ್ನೇ ದಾಟಲಿಲ್ಲ.

1937ರಿಂದ 1949ರವರೆಗೆ ಹೆವಿವೇಟ್ ವಿಶ್ವ ಚಾಂಪಿಯನ್ ಪಟ್ಟದಲ್ಲಿದ್ದ ಲೂಯಿಸ್ ಅದನ್ನು 25 ಬಾರಿ ಉಳಿಸಿಕೊಂಡ. ಅವನ ಎದುರಾಳಿಗಳು ಸಾಧಾರಣರು ಎಂಬ ಆಕ್ಷೇಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಲಿಸ್ಟನ್, ಫ್ರೇಜಿಯರ್, ಫೋರ್‌ಮನ್‌ರಂಥ ಗಟ್ಟಿಗರು ಸಿಕ್ಕಿದ್ದು ಅಲಿಗೆ. ಆದರೆ 1941ರಲ್ಲಿ ಲೂಯಿಸ್ ಎದುರು ಚುರುಕು ಕಾಲಿನ ಬಿಲ್ಲಿ ಕಾನ್ 12 ಸುತ್ತು ಮುಗಿದಾಗ ಅಂಕಗಳಲ್ಲಿ ಮುಂದಿದ್ದ. 13ನೇ ಸುತ್ತಿನಲ್ಲಿ ಮೈಮರೆತು ನುಗ್ಗಿದ. ಲೂಯಿಸ್‌ಗೆ ಅಷ್ಟು ಸಾಕಾಯಿತು. ಹಾಗಾದರೆ ಇಬ್ಬರೂ ಎದುರಾಗಿದ್ದರೆ ಅಲಿಯನ್ನೂ ಹಿಡಿಯುತ್ತಿದ್ದನೇ? 1960ರ ದಶಕದ ಅಲಿಯನ್ನು ಇಲ್ಲವೆನ್ನುವೆ. ಅವನು ಕಾನ್‌ಗಿಂತ ದೊಡ್ಡ ಮೈಕಟ್ಟಿನವನು, ಹಾಗೆ ದುಡುಕುವವನೂ ಅಲ್ಲ. ಪಂದ್ಯ ಅಲಿಯದು; ಗುದ್ದು ಹಾಕುವ ಕಲೆಯಲ್ಲಿ ಮಾತ್ರ ಲೂಯಿಸ್‌ನೇ ಮೇಲು.