ತರುಣರ ನುಡಿಯೂ ಲಕ್ಷಣಾವೃತ್ತಿಯೂ

ಬೆಂಗಳೂರು ಮೈಸೂರುಗಳ ಕಾಲೇಜು ತರುಣರು ಗೆಳೆಯನನ್ನು ‘ಗುರು’ ಎಂತಲೂ ‘ಮಗಾ’ ಎಂತಲೂ ಕರೆಯುವರು. ರುಚಿಯಾದ ದೋಸೆಯನ್ನು ‘ಸಖತ್’ ಎಂದೂ, ಮೆಚ್ಚಿದ ಆಟವನ್ನು ‘ಚಿಂದಿ’ ಎಂದೂ ಹೊಗಳುವರು. ಇದನ್ನು ಕೇಳಿದ ಹಿರಿಯರು ಭಾಷೆಯು ಕೆಟ್ಟಿತೆಂದು ನಿಟ್ಟುಸಿರಿಡುವುದುಂಟು. ಆದರೆ ನಿಂದೆಗೆ ಮೊದಲು ವಿಚಾರವು ಯುಕ್ತವು.

ಮುಖ್ಯಾರ್ಥವು ಹೊಂದದಿರುವಾಗ, ಅದರ ಸಂಬಂಧವುಳ್ಳ ಬೇರೊಂದರ್ಥವನ್ನು ರೂಢಿಯಿಂದಾಗಲಿ ಪ್ರಯೋಜನದಿಂದಾಗಲಿ ತಿಳಿಸುವ ವೃತ್ತಿಯೇ ಲಕ್ಷಣೆಯೆಂದು ಆಲಂಕಾರಿಕರ ಮತವು. ದರ್ಭೆಯನ್ನು ಆಯ್ದು ತರುವವನೆಂಬ ಅರ್ಥದ ‘ಕುಶಲ’ ಶಬ್ದವು ನಿಪುಣನನ್ನು ಹೇಳುವುದು ರೂಢಿಯಿಂದಲೇ ಎಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಉದಾಹರಿಸಿರುವನು. ಹಾಗೆಯೇ ಪಾರಸಿಯಲ್ಲಿ ಕಠಿನವೆಂಬ ಅರ್ಥವುಳ್ಳ ‘ಸಖ್ತ್’ ಶಬ್ದವು ಕನ್ನಡದಲ್ಲಿ ಅತಿಶಯವನ್ನೂ ಸೊಗಸನ್ನೂ ಸೂಚಿಸುತ್ತಿರುವುದು. ಹರಕು ಬಟ್ಟೆಯ ‘ಚಿಂದಿ’ಯು ಹೊಗಳಿಕೆಯಾದುದು ವಿಪರೀತಲಕ್ಷಣೆ, ಸಲಿಗೆಯೇ ಅದರ ಪ್ರಯೋಜನವು. ಗೆಳೆಯನನ್ನು ಗುರುವೆನ್ನುವಲ್ಲಿಯೂ ಅಗೌರವವಿಲ್ಲ, ಸಮಾನರ ವಿನೋದವಿದೆ.

ದೋಷವಿರುವುದು ಬೇರೆಡೆಯಲ್ಲಿ. ದೋಸೆಯೂ ಸಖತ್, ಸಂಗೀತವೂ ಸಖತ್, ಸೂರ್ಯೋದಯವೂ ಸಖತ್ ಎಂದಮೇಲೆ ರುಚಿ, ಇಂಪು, ಚೆಲುವುಗಳ ಭೇದವು ನಾಲಗೆಯಿಂದ ಜಾರಿ, ಕ್ರಮೇಣ ಮನಸ್ಸಿನಿಂದಲೂ ಜಾರುವುದು. ಹೊಸ ಮಾತೊಂದು ಬಂದುದಕ್ಕೆ ಮರುಗಬೇಕಾಗಿಲ್ಲ. ಅದರ ದೆಸೆಯಿಂದ ಹತ್ತು ಹಳೆಯ ಮಾತುಗಳು ಮೂಲೆಗೆ ಬಿದ್ದುದಕ್ಕೆ ಮರುಗಬೇಕು. ಆದುದರಿಂದ ಹಿರಿಯರು ತರುಣರ ಬಾಯನ್ನು ಕಟ್ಟುವುದಕ್ಕಿಂತ, ಆ ಹತ್ತು ಮಾತುಗಳನ್ನು ಅವರ ಕಿವಿಗೆ ಬೀಳುವಂತೆ ಮನೆಯಲ್ಲಿ ತಾವೇ ಆಡುವುದು ಲೇಸು. ಗದರಿಸಿದರೆ ಮಕ್ಕಳು ಆ ಮಾತನ್ನು ಬಿಡರು. ಹಿರಿಯರೊಡನೆ ಮಾತನ್ನೇ ಬಿಡುವರು.