ಗಾಳಿಯ ತೀರ್ಪು, ಕಣ್ಣಿನ ತೀರ್ಪು

ಸೈಕಲ್ಲಿನ ಅಂದಚಂದದ ಬಗ್ಗೆ ವಿಮರ್ಶೆಯೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮಲ್ಲಿ ಸೈಕಲ್ ಎಂದರೆ ಹಾಲಿನ ಕ್ಯಾನು, ಮೀನಿನ ಬುಟ್ಟಿ, ಶಾಲೆಗೆ ಹೋಗುವ ಮಕ್ಕಳು. ಅದು ಓಡಿದರೆ ಸಾಕು, ಚೆಂದ ಕಾಣಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಆದರೆ ಯುರೋಪ್, ಅಮೆರಿಕಗಳಲ್ಲಿ ರೇಸಿಂಗ್ ಸೈಕಲ್ ಕೊಳ್ಳುವವರ ಪ್ರಪಂಚವೇ ಬೇರೆ. ಅಲ್ಲಿ ಹೆಸರಾಂತ ಕಂಪನಿಯೊಂದು ತನ್ನ ಕಾರ್ಬನ್ ಸೈಕಲ್ಲಿಗೆ ಹೊಸ ರೂಪ ಕೊಟ್ಟಾಗಲೆಲ್ಲ ಒಂದು ವಾಗ್ವಾದ ಹುಟ್ಟಿಕೊಳ್ಳುತ್ತದೆ. ತೂಕ ಎಷ್ಟು ಇಳಿಯಿತು, ವೇಗ ಎಷ್ಟು ಏರಿತು ಎಂದು ಕಂಪನಿ ಲೆಕ್ಕ ಮುಂದಿಡುತ್ತದೆ. ಸವಾರರು ಮಾತ್ರ ಚಿತ್ರ ನೋಡಿದ ತಕ್ಷಣ ಹೇಳುವುದು ಒಂದೇ: ಚೆನ್ನಾಗಿದೆ, ಇಲ್ಲವೇ ಚೆನ್ನಾಗಿಲ್ಲ.

ಸಾವಿರಾರು ಗಂಟೆಗಳ ಪ್ರಯೋಗವನ್ನು ಹೀಗೆ ಒಂದು ನೋಟದಲ್ಲಿ ತೂಗಿಬಿಡುವುದು ಅನ್ಯಾಯವೆಂದು ಎಂಜಿನಿಯರುಗಳಿಗೆ ಅನಿಸುವುದು ಸಹಜ. ಹಾಗಾದರೆ ಸವಾರರ ಈ ಅಭಿಪ್ರಾಯ ಬರಿಯ ಶೋಕಿಯೇ? ಅಲ್ಲ ಎಂಬುದು ನಮ್ಮ ಅನಿಸಿಕೆ. ಅದರಲ್ಲಿ ಗಂಭೀರವಾದ ವಿಮರ್ಶೆಯೊಂದು ಅಡಗಿದೆ. ಆದರೆ ಆ ವಿಮರ್ಶೆಯೂ ವಿಮರ್ಶೆಗೆ ಹೊರತಲ್ಲ.

ಮೊದಲು ಚೌಕಟ್ಟಿನ ಕತೆ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲ್ಲನ್ನು ಹೊರತಂದರು. ಸಮ ಎನ್ನಬಹುದಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಅದಾದ ಕೆಲವೇ ವರ್ಷಗಳಲ್ಲಿ ಸೈಕಲ್ಲಿನ ಚೌಕಟ್ಟು ಎರಡು ತ್ರಿಕೋನಗಳು ಬೆನ್ನು ತಾಗಿಸಿ ನಿಂತಂತಹ ವಜ್ರಾಕೃತಿಗೆ ಬಂದು ನಿಂತಿತು. ಮುಂದಿನ ತ್ರಿಕೋನದ ಮೇಲ್ಬದಿಯೇ ನಾವು ಮಕ್ಕಳನ್ನು ಕೂರಿಸುವ ಬಾರ್. ಹಿಂದಿನ ತ್ರಿಕೋನದಲ್ಲಿ ಎರಡು ಸಣ್ಣ ಪೈಪುಗಳು ಸೀಟಿನ ಬುಡದಿಂದ ಹಿಂದಿನ ಚಕ್ರದ ನಡುವಿಗೆ ಇಳಿಯುತ್ತವೆ. ನಮ್ಮ ಹಳ್ಳಿಗಳ ಕಪ್ಪು ಸೈಕಲ್ಲಿಗೂ ಟೂರ್ ಡಿ ಫ್ರಾನ್ಸ್ ಗೆದ್ದ ಸೈಕಲ್ಲುಗಳಿಗೂ ನೂರು ವರ್ಷಗಳ ಕಾಲ ಇದ್ದದ್ದು ಇದೇ ಎಲುಬುಗೂಡು. ಉಕ್ಕಿನ ನೇರ ಪೈಪುಗಳನ್ನು ಬೆಸೆದು ಮಾಡುವ ಚೌಕಟ್ಟಿಗೆ ಇದಕ್ಕಿಂತ ಗಟ್ಟಿಯಾದ, ಸರಳವಾದ ಆಕಾರ ಸಿಗಲಿಲ್ಲ. ನೋಡುವವನಿಗೆ ಭಾರ ಎಲ್ಲಿ ಬೀಳುತ್ತದೆ, ಎಲ್ಲಿಗೆ ಇಳಿಯುತ್ತದೆ ಎಂಬುದು ಕಣ್ಣಿಗೇ ತಿಳಿಯುತ್ತಿತ್ತು. ಆ ಚೌಕಟ್ಟಿನ ಅಂದ ಹುಟ್ಟಿದ್ದೇ ಅಲ್ಲಿಂದ.

ಕಾರ್ಬನ್ ಬಂದ ಮೇಲೆ ಈ ಲೆಕ್ಕಾಚಾರ ಬದಲಾಯಿತು. ಕಾರ್ಬನ್ ನಾರಿನ ಹಾಳೆಗಳಿಗೆ ಅಂಟುರಾಳ ಸೇರಿಸಿ, ಅಚ್ಚಿನಲ್ಲಿ ಪದರ ಪದರವಾಗಿ ಇಟ್ಟು ಬೇಯಿಸಿ ಚೌಕಟ್ಟು ತೆಗೆಯುತ್ತಾರೆ. ಅಚ್ಚಿಗೆ ಯಾವ ಆಕಾರ ಕೊಟ್ಟರೂ ಆಯಿತು. ನೇರ ಪೈಪಿನ ಹಂಗು ತಪ್ಪಿತು. ಹೀಗೆ ಯಾವ ಆಕಾರವೂ ಸಾಧ್ಯ ಎಂದಾದಾಗಲೇ 'ಈ ಆಕಾರವೇ ಏಕೆ' ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ತಯಾರಕನ ಮೇಲೆ ಬೀಳುತ್ತದೆ.

ಈ ಪ್ರಶ್ನೆ ಜೋರಾಗಿ ಎದ್ದ ಸಂದರ್ಭಗಳಲ್ಲಿ 2019 ಒಂದು. ಅಮೆರಿಕದ ಕ್ಯಾನನ್‌ಡೇಲ್ ಕಂಪನಿ ತನ್ನ 'ಸೂಪರ್‌ಸಿಕ್ಸ್ ಇವೊ' ಮಾದರಿಯನ್ನು ಆ ವರ್ಷ ಪೂರ್ತಿ ಬದಲಿಸಿತು. 2011ರಲ್ಲಿ ಬಂದ ಮೊದಲ ಇವೊ ಸಣಕಲು ದುಂಡು ಪೈಪುಗಳ, ಹೆಚ್ಚುಕಡಿಮೆ ನೇರ ಬಾರಿನ ಸೈಕಲ್. ಕಾರ್ಬನ್ನಿನದಾದರೂ ಹಳೆಯ ಉಕ್ಕಿನ ಸೈಕಲ್ಲಿನ ಲಕ್ಷಣ ಉಳಿಸಿಕೊಂಡಿದೆ ಎಂದೇ ಬಹಳ ಮಂದಿ ಅದನ್ನು ಮೆಚ್ಚಿದ್ದರು. ಹೊಸದರಲ್ಲಿ ಹಿಂದಿನ ಸಣ್ಣ ಪೈಪುಗಳು ಸೀಟಿನ ಬುಡ ಬಿಟ್ಟು ಬಹಳಷ್ಟು ಕೆಳಗೆ ಬಂದು ಸೇರಿಕೊಂಡವು. ದುಂಡು ಪೈಪುಗಳ ಜಾಗದಲ್ಲಿ ಹಿಂಬದಿ ಕತ್ತರಿಸಿದ ಹನಿಯಾಕಾರ ಬಂತು. ಸೈಕಲ್ ಒಳ್ಳೆಯದೇ, ಆದರೆ ಇದು ಬಿಎಂಸಿಯೋ, ಸ್ಪೆಷಲೈಸ್ಡ್ ಟಾರ್ಮ್ಯಾಕೋ ಎಂದು ಗುರುತು ಸಿಗುವುದಿಲ್ಲ ಎಂಬುದು ಸವಾರರ ಆಕ್ಷೇಪವಾಗಿತ್ತು. 2017ರಲ್ಲಿ ಟಾರ್ಮ್ಯಾಕ್ ಇದೇ ದಾರಿ ಹಿಡಿದಾಗಲೂ ಇದೇ ಗೊಣಗಾಟ ಕೇಳಿಬಂದಿತ್ತು. ಸ್ವಿಟ್ಜರ್ಲೆಂಡಿನ ಬಿಎಂಸಿ ಅದಕ್ಕೂ ಮುಂಚಿನಿಂದ ಹಿಂದಿನ ಪೈಪುಗಳನ್ನು ಕೆಳಗಿಳಿಸಿಯೇ ಸೈಕಲ್ ಮಾಡುತ್ತಿತ್ತು.

ಎಲ್ಲರೂ ಒಂದೇ ಆಕಾರಕ್ಕೆ ಬಂದು ಸೇರಿದ್ದೇಕೆ? ಒಬ್ಬರನ್ನೊಬ್ಬರು ನಕಲು ಮಾಡಿದರು ಎಂದು ಹೇಳಿಬಿಡುವುದು ಸುಲಭ. ಆದರೆ ಕಾರಣ ಅಷ್ಟು ಸರಳವಲ್ಲ. ಪೈಪುಗಳನ್ನು ಕೆಳಗಿಳಿಸಿದರೆ ಹಿಂದಿನ ತ್ರಿಕೋನ ಚಿಕ್ಕದಾಗಿ ಸ್ವಲ್ಪ ತೂಕ ಉಳಿಯುತ್ತದೆ. ಗಾಳಿಗೆ ಅಡ್ಡಿ ಕಡಿಮೆಯಾಗುತ್ತದೆ. ಸೀಟಿನ ಕಂಬ ತುಸು ಬಾಗಿ ರಸ್ತೆಯ ಕುಲುಕಾಟವನ್ನು ಹೀರಿಕೊಳ್ಳುತ್ತದೆ. ಇನ್ನು ಹನಿಯ ಬಾಲವನ್ನು ಕತ್ತರಿಸಿದರೂ ಗಾಳಿ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹರಿಯುತ್ತದೆ ಎಂಬ ತಿಳಿವು 1930ರ ದಶಕದಲ್ಲಿ ಕಾರುಗಳ ಮೇಲೆ ಕೆಲಸ ಮಾಡಿದ ಜರ್ಮನಿಯ ವುನಿಬಾಲ್ಡ್ ಕಾಮ್ ಅವರದು. ಇದರ ಮೇಲೆ ಜಾಗತಿಕ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಹಾಕಿದ ಬೇಲಿ ಬೇರೆ. ಸೈಕಲ್ ಸೈಕಲ್ಲಿನಂತೆಯೇ ಇರಬೇಕು, ಯಂತ್ರಕ್ಕಿಂತ ಮನುಷ್ಯ ಮುಖ್ಯ ಎಂಬ ತತ್ವವನ್ನು ಅದು 1996ರ ಲುಗಾನೊ ಸನ್ನದಿನಲ್ಲಿ ಸಾರಿತು. ಚೌಕಟ್ಟು ಸಾಂಪ್ರದಾಯಿಕ ತ್ರಿಕೋನದ ರೂಪ ಬಿಡಬಾರದು, ಸೈಕಲ್ 6.8 ಕಿಲೋಗಿಂತ ಹಗುರವಿರಬಾರದು ಎಂಬ ನಿಯಮಗಳು 2000ದಿಂದ ಜಾರಿಗೆ ಬಂದವು. ಬೇಲಿಯೂ ಒಂದೇ, ಗಾಳಿಯೂ ಒಂದೇ, ಕಂಪ್ಯೂಟರಿನ ಲೆಕ್ಕವೂ ಒಂದೇ. ಹೀಗಿರುವಾಗ ಉತ್ತರ ಒಂದೇ ಬಂದರೆ ಅಚ್ಚರಿಯೇನು?

ಹಾಗೆಂದು ಬೇರೆ ಉತ್ತರ ತಂದವರಿಗೆ ಸವಾರರು ಹೂಮಾಲೆ ಹಾಕಿದರೆ? ಅದೂ ಇಲ್ಲ. ಯುಸಿಐ ಪೈಪುಗಳ ಅಳತೆಯ ನಿಯಮ ಸಡಿಲಿಸಿದ ಬಳಿಕ, 2024ರ ಡಿಸೆಂಬರಿನಲ್ಲಿ ಇಟಲಿಯ ಕೊಲ್ನಾಗೊ ಕಂಪನಿ 'ವೈ1ಆರ್‌ಎಸ್' ಎಂಬ ಸೈಕಲ್ಲನ್ನು ತಂದಿತು. ಅದನ್ನು ಇನ್ನೊಂದು ಕಂಪನಿಯದೆಂದು ಯಾರೂ ತಪ್ಪು ತಿಳಿಯುವಂತಿಲ್ಲ. ಸೀಟಿನ ಕೆಳಗಿನ ಭಾಗ ನೇರ ಕಂಬವಾಗಿ ಇಳಿಯುವುದಿಲ್ಲ, ನಡುವೆ ತಿರುವು ತೆಗೆದುಕೊಂಡು ಹಿಂದಿನ ಚಕ್ರವನ್ನು ತಬ್ಬುತ್ತದೆ. ಹ್ಯಾಂಡಲ್ ಮೇಲಿನಿಂದ ನೋಡಿದರೆ ಕವಲೊಡೆದ ಕೊಂಬೆಯಂತಿದೆ. ಧೈರ್ಯವೆಂದರೆ ಇದು ಎಂದವರು ಕೆಲವರು. ಮುರಿದು ಜೋಡಿಸಿದಂತಿದೆ ಎಂದು ಮುಖ ತಿರುಗಿಸಿದವರು ಬಹಳ. ಎಲ್ಲ ಒಂದೇ ತರಹ ಎಂದು ನಿನ್ನೆ ದೂರಿದವರೇ ಇಂದು ಇದು ವಿಕಾರ ಎಂದು ದೂರಿದರೆ ಕಂಪನಿಗಳು ಏನು ಮಾಡಬೇಕು?

ತಯಾರಕರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ಕಣ್ಣಿಗೆ ರೂಢಿಯಾಗುತ್ತದೆ, ಕಾಯಿರಿ. ಈ ಮಾತಿಗೆ ಇತಿಹಾಸದ ಬೆಂಬಲವೂ ಇದೆ. 1990ರ ದಶಕದ ಕೊನೆಯಲ್ಲಿ ತೈವಾನಿನ ಜೈಂಟ್ ಕಂಪನಿಗಾಗಿ ಇಂಗ್ಲೆಂಡಿನ ಮೈಕ್ ಬರೋಸ್ 'ಟಿಸಿಆರ್' ಎಂಬ ಸೈಕಲ್ ರೂಪಿಸಿದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ಲಿನ ಮೂಲ ಕಲ್ಪನೆಯೂ ಇವರದೇ. ಟಿಸಿಆರ್‌ನಲ್ಲಿ ಅವರು ಮುಂದಿನ ಬಾರನ್ನು ಹಿಂದಕ್ಕೆ ಇಳಿಜಾರು ಮಾಡಿದರು. ಚೌಕಟ್ಟು ಕುಗ್ಗಿತು, ಸೀಟಿನ ಕಂಬ ಉದ್ದವಾಗಿ ಹೊರಗೆ ನಿಂತಿತು. ಸ್ಪೇನಿನ ಓನ್ಸೆ ತಂಡ 1998ರಲ್ಲಿ ಅದನ್ನು ರೇಸಿಗೆ ಇಳಿಸಿದಾಗ, ನೇರ ಬಾರನ್ನೇ ನೋಡಿ ಬೆಳೆದ ಕಣ್ಣುಗಳಿಗೆ ಅದು ಮಕ್ಕಳ ಸೈಕಲ್ಲಿನಂತೆ ಕಂಡಿತು. ಇಂದು ಇಳಿಜಾರು ಬಾರಿಲ್ಲದ ರೇಸಿಂಗ್ ಸೈಕಲ್ ಹುಡುಕುವುದೇ ಕಷ್ಟ.

ಆದರೂ ಎಲ್ಲವನ್ನೂ ರೂಢಿಯ ಖಾತೆಗೆ ಬರೆದುಬಿಡುವುದು ಸರಿಯಲ್ಲ. ಟಿಸಿಆರ್ ಒಪ್ಪಿಗೆಯಾದದ್ದು ಕಣ್ಣು ಸೋತದ್ದರಿಂದ ಮಾತ್ರವಲ್ಲ. ಚಿಕ್ಕ ಚೌಕಟ್ಟು ಹಗುರವೂ ಹೌದು, ಬಿಗಿಯೂ ಹೌದು. ಕೆಲವೇ ಅಳತೆಗಳಲ್ಲಿ ಬಹಳ ಜನರಿಗೆ ಹೊಂದುತ್ತಿತ್ತು. ಗಿಡ್ಡನೆಯ ಸವಾರ ಕಾಲು ನೆಲಕ್ಕೆ ಊರಿದಾಗ ಬಾರ್ ತಾಗುತ್ತಿರಲಿಲ್ಲ. ಆಕಾರ ಬದಲಾದದ್ದಕ್ಕೆ ಕಾರಣವೂ ಕಣ್ಣಿಗೆ ಕಾಣುತ್ತಿತ್ತು, ಲಾಭವೂ ಓಡಿಸುವವನಿಗೆ ಸಿಗುತ್ತಿತ್ತು. ಹೊಸ ಆಕಾರವೊಂದು ಬಂದಾಗ ಕೇಳಬೇಕಾದ ಪ್ರಶ್ನೆಗಳು ಇವೇ: ಕಾರಣ ಕಾಣುತ್ತದೆಯೇ, ಲಾಭ ಯಾರಿಗೆ?

ಈಗ ಈ ಪ್ರಶ್ನೆಯನ್ನು ವೈ1ಆರ್‌ಎಸ್‌ಗೆ ಕೇಳೋಣ. ತನ್ನ ಹಿಂದಿನ ವಿ4ಆರ್‌ಎಸ್‌ಗಿಂತ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ 20 ವ್ಯಾಟ್ ಶಕ್ತಿ ಉಳಿಸುತ್ತದೆ ಎಂದು ಕಂಪನಿ ಹೇಳಿಕೊಂಡಿತು. ತದೆಯ್ ಪೊಗಾಚರ್ ಅವರಂಥವರಿಗೆ ಇದು ದೊಡ್ಡ ಮಾತು. 2025ರಲ್ಲಿ ಅವರು ತಮ್ಮ ನಾಲ್ಕನೆಯ ಟೂರ್ ಡಿ ಫ್ರಾನ್ಸ್ ಗೆದ್ದಾಗ ಅನೇಕ ಹಂತಗಳಲ್ಲಿ ಇದೇ ಸೈಕಲ್ ಹತ್ತಿದ್ದರು. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗೆಯೇ ಇಳಿಯುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲು. ಭಾನುವಾರ ಬೆಳಿಗ್ಗೆ ಗೆಳೆಯರೊಂದಿಗೆ ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುವವನಿಗೆ ಆ 20 ವ್ಯಾಟ್ ಉಳಿಯುವುದು ಎರಡೂವರೆ ವ್ಯಾಟ್ ಆಗಿ. ನಿಧಾನಿಯು ಹೆಚ್ಚು ಹೊತ್ತು ರಸ್ತೆಯಲ್ಲಿರುವುದರಿಂದ ಅವನಿಗೂ ಕೆಲವು ಸೆಕೆಂಡು ಉಳಿಯುತ್ತದೆ ಎಂದು ಕಂಪನಿಗಳು ವಾದಿಸುತ್ತವೆ. ಆ ವಾದ ಸುಳ್ಳಲ್ಲ. ಆದರೆ ಯಾರೊಂದಿಗೂ ಪೈಪೋಟಿಗೆ ಇಳಿಯದವನು ಆ ಸೆಕೆಂಡುಗಳನ್ನು ಇಟ್ಟುಕೊಂಡು ಏನು ಮಾಡಬೇಕು? ಸಾಲದ್ದಕ್ಕೆ ಗಾಳಿಗೆ ಎದುರಾಗುವುದರಲ್ಲಿ ಬಹುಪಾಲು ಸವಾರನ ಮೈ, ಸೈಕಲ್ ಅಲ್ಲ.

ಇಲ್ಲಿಯೇ ಸವಾರರ ಅಭಿಪ್ರಾಯಕ್ಕೆ ನಿಜವಾದ ತೂಕ ಬರುವುದು. ನಿಯಮದ ಪ್ರಕಾರ ರೇಸಿನಲ್ಲಿ ಬಳಸುವ ಸೈಕಲ್ ಮಾರುಕಟ್ಟೆಯಲ್ಲೂ ಸಿಗಬೇಕು. ಅದನ್ನು ಹಣ ಕೊಟ್ಟು ಕೊಳ್ಳುವವರು ಸಾಮಾನ್ಯ ಸವಾರರು. ಗೆಲ್ಲುವವನಿಗೆ ವೇಗ ಸಿಗುತ್ತದೆ, ಸೈಕಲ್ಲನ್ನಂತೂ ಅವನು ಕೊಳ್ಳುವುದೇ ಇಲ್ಲ. ಕೊಳ್ಳುವವನಿಗೆ ಆ ವೇಗ ದಕ್ಕುವುದಿಲ್ಲ. ಅವನಿಗೆ ದಿನವೂ ದಕ್ಕುವುದು ಮನೆಯ ಗೋಡೆಗೆ ಒರಗಿಸಿಟ್ಟಾಗಿನ ನೋಟ, ತಿರುವಿನಲ್ಲಿ ಒಮ್ಮೆ ಕೆಳಗೆ ಬಗ್ಗಿ ನೋಡಿದಾಗಿನ ಹಿಗ್ಗು, ಹೊರಡಲು ಮನಸ್ಸಿಲ್ಲದ ಮುಂಜಾನೆ ಹೊರಡಿಸುವ ಆಸೆ. ಅವನ ಪಾಲಿಗೆ ಅಂದ ಎಂಬುದು ಸೈಕಲ್ಲಿನ ಮೇಲಿನ ಅಲಂಕಾರವಲ್ಲ, ಅವನು ನಿಜವಾಗಿ ಬಳಸುವ ಗುಣ. ಅದನ್ನು ಶೋಕಿ ಎಂದು ತಳ್ಳಿಹಾಕುವ ಕಂಪನಿ, ಅವನಿಗೆ ಉಪಯೋಗವಿಲ್ಲದ್ದನ್ನು ಮಾರಿ ಉಪಯೋಗವಿರುವುದನ್ನು ಕಸಿದುಕೊಂಡಂತೆ.

ಆದರೆ ಕಣ್ಣಿನ ತೀರ್ಪೂ ಯಾವಾಗಲೂ ನ್ಯಾಯವಲ್ಲ. ಎರಡು ವಿಷಯಗಳಲ್ಲಿ ಸವಾರರನ್ನೂ ಪ್ರಶ್ನಿಸಬೇಕಾಗುತ್ತದೆ. ಒಂದು, ವಯರುಗಳದು. ಬ್ರೇಕಿನ ವಯರು, ಕೊಳವೆಗಳು ಹೊರಗೆ ಕಾಣುವುದು ಅಸಹ್ಯ ಎಂಬ ರುಚಿ ಬೆಳೆದು, ಈಗ ಅವೆಲ್ಲ ಹ್ಯಾಂಡಲ್ಲಿನೊಳಗಿಂದ ಮುಂದಿನ ಕುತ್ತಿಗೆಯ ಬೇರಿಂಗ್ ಹಾದು ಚೌಕಟ್ಟಿನೊಳಗೆ ಹೋಗುತ್ತವೆ. ಗಾಳಿಯ ಲೆಕ್ಕದಲ್ಲಿ ಇದರ ಲಾಭ ಅಲ್ಪ, ನೋಟಕ್ಕೆ ಮಾತ್ರ ನಯ. ಆದರೆ ಒಂದು ಬೇರಿಂಗ್ ಬದಲಿಸಬೇಕಾದರೆ ಎಷ್ಟೋ ಮಾದರಿಗಳಲ್ಲಿ ಬ್ರೇಕಿನ ಕೊಳವೆಯನ್ನೇ ಬಿಚ್ಚಿ ಎಣ್ಣೆ ಮತ್ತೆ ತುಂಬಬೇಕು. ಅರ್ಧ ಗಂಟೆಯ ಕೆಲಸ ಅರ್ಧ ದಿನದ್ದಾಯಿತು. ಚೌಕಟ್ಟು ಭಾರ ಹೊರುವ ಬಗೆ ಕಾಣಿಸಬೇಕು ಎಂದು ಕೇಳುವ ಕಣ್ಣು, ವಯರು ಮಾತ್ರ ಕಾಣಬಾರದು ಎಂದು ಹಟ ಹಿಡಿದರೆ ಅದು ತನಗೆ ತಾನೇ ವಿರೋಧ. ಅದರ ದಂಡ ತೆರುವವರು ರಿಪೇರಿ ಮಾಡುವವನು ಮತ್ತು ಅವನಿಗೆ ಕೂಲಿ ಕೊಡುವ ಸವಾರ.

ಎರಡು, ಹಳೆಯದರ ಹಂಬಲ. 2020ರಲ್ಲಿ ಕೊಲ್ನಾಗೊದ ಹೆಚ್ಚಿನ ಪಾಲು ಅಬುಧಾಬಿಯ ಹೂಡಿಕೆ ಸಂಸ್ಥೆಯೊಂದರ ಕೈ ಸೇರಿತು. ಸೈಕಲ್ಲಿನ ಆತ್ಮವೇ ಹೋಯಿತು, ಅರಬರ ಹಣ ಬಂದ ಮೇಲೆ ಇನ್ನೇನಾಗುತ್ತದೆ ಎಂಬ ಧಾಟಿಯ ಮಾತುಗಳು ಇಂತಹ ಕಡೆ ಸುಲಭವಾಗಿ ನುಸುಳುತ್ತವೆ. ಹಾಗೆ ನೋಡಿದರೆ ಹಳೆಯ ಕೊಲ್ನಾಗೊ ಎಂದರೇನು? 1954ರಲ್ಲಿ ಮಿಲಾನ್ ಬಳಿಯ ಕಾಂಬಿಯಾಗೊದಲ್ಲಿ ಎರ್ನೆಸ್ಟೊ ಕೊಲ್ನಾಗೊ ಸಣ್ಣದೊಂದು ಕಾರ್ಯಾಗಾರ ತೆರೆದರು. 1972ರಲ್ಲಿ ಮೆಕ್ಸಿಕೊದಲ್ಲಿ ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಓಡಿಸಿ ದಾಖಲೆ ಬರೆದದ್ದು ಅವರು ಕಟ್ಟಿದ ಉಕ್ಕಿನ ಸೈಕಲ್ಲಿನ ಮೇಲೆ. ಉಕ್ಕಿನಲ್ಲಿ ಅಷ್ಟು ಹೆಸರು ಮಾಡಿದ ಅದೇ ಮನುಷ್ಯ 1994ರಲ್ಲಿ ಕಾರ್ಬನ್ನಿನ 'ಸಿ40' ತಂದರು. ಮರುವರ್ಷ ಕಲ್ಲು ಹಾಸಿನ ಪ್ಯಾರಿಸ್–ರೂಬೇ ರೇಸನ್ನು ಫ್ರಾಂಕೊ ಬಲ್ಲೆರಿನಿ ಅದರ ಮೇಲೆಯೇ ಗೆದ್ದರು. ಇಂದು ಯಾವ ಸಂಪ್ರದಾಯದ ಹೆಸರಿನಲ್ಲಿ ಹೊಸದನ್ನು ಹಳಿಯುತ್ತಾರೋ ಆ ಸಂಪ್ರದಾಯವೇ ಒಂದು ಕಾಲದ ದಿಟ್ಟ ಬದಲಾವಣೆ. ಒಡೆತನ ಯಾರದು ಎಂಬುದರಿಂದ ಪೈಪಿನ ಬಾಗು ಅಂದವೂ ಆಗುವುದಿಲ್ಲ, ಕುರೂಪವೂ ಆಗುವುದಿಲ್ಲ. ಸಿ ಸರಣಿಯ ಚೌಕಟ್ಟುಗಳು ಇಂದಿಗೂ ಇಟಲಿಯಲ್ಲಿಯೇ ತಯಾರಾಗುತ್ತಿವೆ ಎಂಬುದನ್ನೂ ಮರೆಯಬಾರದು.

ಹಾಗಾಗಿ ಮೆಚ್ಚುವವರ ಮಾತನ್ನೂ ಮೆಚ್ಚದವರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ನಾವು ಹಿಂದೆ ಕಂಡಂತಿಲ್ಲ ಎಂಬುದು ದೂರಾದರೆ ಅದು ಕಾಲಕ್ರಮದಲ್ಲಿ ತಾನೇ ಕರಗುತ್ತದೆ. ಎಲ್ಲವೂ ಒಂದೇ ತರಹ ಎಂಬುದು ದೂರಾದರೆ ಅದನ್ನು ಕಂಪನಿಗಳಿಗಿಂತ ಮೊದಲು ನಿಯಮ ಬರೆಯುವವರಿಗೆ ಹೇಳಬೇಕು. ಆದರೆ 'ಈ ಆಕಾರ ನನಗಾಗಿ ಮಾಡಿದ್ದಲ್ಲ, ಆದರೂ ಬೆಲೆ ನಾನು ಕೊಡಬೇಕಾಗಿದೆ' ಎಂಬುದು ದೂರಾದರೆ ಅದಕ್ಕೆ ಗಾಳಿಯ ಲೆಕ್ಕ ಉತ್ತರವಾಗಲಾರದು.

ನಮ್ಮ ದೃಷ್ಟಿಯಲ್ಲಿ ಕ್ಯಾನನ್‌ಡೇಲ್‌ನ ಹೊಸ ಇವೊ ಗುರುತು ಕಳೆದುಕೊಂಡ ಒಳ್ಳೆಯ ಸೈಕಲ್. ಕೊಲ್ನಾಗೊದ ವೈ1ಆರ್‌ಎಸ್ ಗುರುತು ಉಳಿಸಿಕೊಂಡ, ಆದರೆ ಒಬ್ಬ ಪೊಗಾಚರ್‌ಗಾಗಿ ಹೊಲಿದ ಅಂಗಿ. ಅಂಗಿ ಅವರಿಗೆ ಒಪ್ಪುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಉಳಿದವರು ಕನ್ನಡಿ ನೋಡಿಕೊಂಡು ಇದು ನಮಗೆ ಒಪ್ಪುವುದಿಲ್ಲ ಎಂದರೆ ಅವರನ್ನು ಅರಸಿಕರೆಂದು ಕರೆಯುವುದು ತಪ್ಪು. ಓಡಿಸುವವರೂ ಅವರೇ, ಹಣ ಕೊಡುವವರೂ ಅವರೇ. ಮೊದಲ ಮಾತು ಅವರದಾಗಿರುವುದೇ ನ್ಯಾಯ.