ಊರಿನ ತವರು ಹೆಸರು

ಹೆಣ್ಣುಮಕ್ಕಳಿಗೆ ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು ಇರುವುದುಂಟು. ಊರುಗಳ ಪಾಡೂ ಇದೇ ಎಂದು ನನಗೆ ಹೊಳೆದದ್ದು ಸ್ಕಾಟ್ಲೆಂಡಿನ ಫೈಫ್ ಪ್ರಾಂತದ ಸ್ಥಳನಾಮಗಳ ಪುಸ್ತಕ ಓದುವಾಗ. ಸೈಮನ್ ಟೇಲರ್ ಅವರು ಗಿಲ್ಬರ್ಟ್ ಮಾರ್ಕಸ್ ಅವರೊಡನೆ ಸೇರಿ 2006ರಿಂದ 2012ರವರೆಗೆ ಹೊರತಂದ 5 ಸಂಪುಟಗಳಿವು. 2009ರ ಮೂರನೆಯ ಸಂಪುಟದಲ್ಲಿ ಸೇಂಟ್ ಆಂಡ್ರೂಸ್ ಪಟ್ಟಣ ಮತ್ತು ಅದರ ಸುತ್ತಿನ ಸೀಮೆ ಬರುತ್ತದೆ.

ಸಂತನ ಹೆಸರು ಹೊರುವ ಮೊದಲು ಈ ಊರಿಗೆ ಏನೆನ್ನುತ್ತಿದ್ದರು? 747ರಲ್ಲಿ ತೀರಿಕೊಂಡ ಇಲ್ಲಿನ ಮಠಾಧಿಪತಿಯೊಬ್ಬರ ಬಗ್ಗೆ ಐರ್ಲೆಂಡಿನ ಹಳೆಯ ವೃತ್ತಾಂತಗಳು ಬರೆದಿಟ್ಟಿವೆ. ಅಲ್ಲಿರುವ ಗೇಲಿಕ್ ಹೆಸರಿಗೆ 'ಅರಸನ ಗುಡ್ಡದ ತುದಿ' ಎಂದರ್ಥ. ತಲೆ, ತುದಿ ಎಂಬ ಅರ್ಥದ ಮೊದಲ ಪದ ಮುಂದೆ 'ಕಿಲ್' ಆಯಿತು. ಊರು ಕಿಲ್‌ರೈಮಾಂಟ್ ಆಯಿತು. 'ಕಿಲ್' ಎಂದರೆ ಚರ್ಚು. ಈಚಿನ ರೂಪವನ್ನಷ್ಟೇ ಕಂಡವರು ಮೊದಲಿನಿಂದಲೂ ಇದು ಚರ್ಚಿನ ಹೆಸರೇ ಎಂದುಬಿಟ್ಟಾರು. ಪ್ರತಿ ಹೆಸರಿನ ಹಳೆಯ ಬರಹಗಳನ್ನು ಇಸವಿಯೊಡನೆ ಮುಂದಿಟ್ಟು, ಆಮೇಲೆ ಅರ್ಥಕ್ಕೆ ಕೈಹಾಕುವ ತಾಳ್ಮೆಯೇ ಈ ಗ್ರಂಥದ ದೊಡ್ಡ ಗುಣ.

ಕೊರತೆಯೂ ಉಂಟು. ಹೆಸರುಗಳನ್ನು ಪ್ಯಾರಿಷ್‌ವಾರು, ಅಕಾರಾದಿಯಾಗಿ ಜೋಡಿಸಿದ್ದರಿಂದ ಒಂದೇ ದಾರಿಯ ನೆರೆಹೊರೆಯವರು ಬೇರೆ ಬೇರೆ ಪುಟಗಳಲ್ಲಿ ಕೂತಿದ್ದಾರೆ. ಊರೊಳಗೆ ನಡೆದಾಡಿದ ಸುಖ ಓದುವವರಿಗೆ ಸಿಗುವುದಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಮಧ್ಯಯುಗದ ದಾನಪತ್ರಗಳನ್ನು ಬರೆದವರು ಪಾದ್ರಿಗಳು, ಲ್ಯಾಟಿನ್ನಿನಲ್ಲಿ. ಜಮೀನಿಗೆ ಒಡೆಯರಿದ್ದರು, ಹೆಸರು ಉಳಿಯಿತು. ನೀರು ಹೊತ್ತ, ಚಿಪ್ಪು ಆಯ್ದ ಹೆಂಗಸರು ತಮ್ಮತಮ್ಮಲ್ಲಿ ಕರೆದುಕೊಂಡ ಬಾವಿ, ಬಂಡೆ, ಕಾಲುದಾರಿಗಳ ಹೆಸರುಗಳಲ್ಲಿ ಎಷ್ಟು ಚರ್ಮಪತ್ರ ಏರಿರಬಹುದು? ಈ ತಪ್ಪನ್ನು ಲೇಖಕರ ತಲೆಗೆ ಕಟ್ಟಲಾರೆ. ಆದರೆ ಸಿಕ್ಕಿದ್ದೇ ಎಲ್ಲ ಎಂದು ನಾವು ಓದುಗರು ನಂಬಬಾರದು.

ಇದೇ ಊರಿನಲ್ಲಿ 1753ರಲ್ಲಿ ಹುಟ್ಟಿದ ಆಂಡ್ರೂ ಬೆಲ್ ಮದ್ರಾಸಿನ ಅನಾಥ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದವರು. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಕ್ಕಳೇ ಮಕ್ಕಳಿಗೆ ಕಲಿಸುವುದು ಅವರು ಅಲ್ಲಿ ರೂಢಿಸಿದ ಕ್ರಮ. ಅವರ ಹಣದಿಂದ ತವರೂರಿನಲ್ಲಿ 1833ರಲ್ಲಿ ತೆರೆದ ಶಾಲೆಯ ಹೆಸರು ಮದ್ರಾಸ್ ಕಾಲೇಜು. 1996ರಲ್ಲಿ ನಮ್ಮ ಮದ್ರಾಸು ಚೆನ್ನೈ ಆಯಿತು. ಅಲ್ಲಿ ಮದ್ರಾಸ್ ಹಾಗೆಯೇ ಇದೆ. 2021ರವರೆಗೆ ಆ ಶಾಲೆಯ ಒಂದು ಕಟ್ಟಡಕ್ಕೆ ಕಿಲ್‌ರೈಮಾಂಟ್ ಎಂದೇ ಹೆಸರಿತ್ತು. ಎರಡು ಊರುಗಳು ಬಿಟ್ಟುಕೊಟ್ಟ ಹೆಸರುಗಳು ಹೀಗೆ ಒಂದೇ ಸೂರಿನಡಿ ಬಾಳಿದವು. ಯಾರಾದರೂ ಕರೆಯುತ್ತಿರುವವರೆಗೆ ತವರಿನ ಹೆಸರು ಸಾಯುವುದಿಲ್ಲ.